ಮಾಜಿ ಸೈನಿಕರ ಪ್ರಶ್ನೋತ್ತರ: ಡಿಸ್ಚಾರ್ಜ್ ಬುಕ್ಕಿನಲ್ಲಿ ಕಾಣದ ಪದಕಗಳು

ಪ್ರಶ್ನೆ: ನಮ್ಮ ತಂದೆಯವರು 1964ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿ, 15 ವರ್ಷ ಸೇವೆ ಮುಗಿಸಿ, 1979ರಲ್ಲಿ ಪಿಂಚಣಿ ಪಡೆದು ಊರಿಗೆ ಬಂದರು. 1971ರ ಯುದ್ಧದಲ್ಲಿ ಅಗರ್ತಲಾ ಕಡೆಯಿಂದ ಗಡಿ ದಾಟಿ ಹೋಗಿ ಸೇತುವೆ ಕಟ್ಟುವ ಕೆಲಸ ಮಾಡಿದ್ದನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ರಕ್ಷಾ ಮೆಡಲ್ ಮತ್ತು ಒಂಬತ್ತು ವರ್ಷದ ದೀರ್ಘ ಸೇವಾ ಮೆಡಲ್ ಮಾತ್ರ ನಮೂದಾಗಿವೆ. ಗಣರಾಜ್ಯೋತ್ಸವದ ದಿನ ತಾಲ್ಲೂಕು ಮೈದಾನದಲ್ಲಿ ಅವರ ಓರಗೆಯವರ ಎದೆಯ ಮೇಲೆ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ಎರಡೂ ಇರುತ್ತವೆ. ‘ಇಷ್ಟು ವರ್ಷ ಆದ ಮೇಲೆ ಯಾರು ಕೊಡ್ತಾರೆ, ಬಿಡು’ ಎನ್ನುತ್ತಾರೆ. ದೆಹಲಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ. ಅವರಿಗೆ ಈಗ 80 ದಾಟಿದೆ. ಮುಂದೇನು ಮಾಡಬೇಕು?
– ಒಬ್ಬ ಮಗ, ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ

ಉತ್ತರ: ನಿಮ್ಮ ತಂದೆಯವರು ಬಿಡುವ ಅಗತ್ಯವಿಲ್ಲ. ಸೇವೆಯಲ್ಲಿದ್ದಾಗ ಅರ್ಹತೆ ಬಂದ ಪದಕವನ್ನು ದಾಖಲೆಯಲ್ಲಿ ಸೇರಿಸಿರೆಂದು ನಿವೃತ್ತಿಯ ನಂತರವೂ ಕೇಳಬಹುದು. ಹಾಸನ ಸೀಮೆಯ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇಂಥ ಅರ್ಧಂಬರ್ಧ ತುಂಬಿದ ಡಿಸ್ಚಾರ್ಜ್ ಬುಕ್ಕುಗಳಿವೆ ಎಂಬುದನ್ನು, ಸೈನ್ಯದ ದಾಖಲೆ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ದುಡಿದ ನಾನು ಬಲ್ಲೆ. ಆದ್ದರಿಂದ ನಿಮ್ಮ ಪತ್ರಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಈ ಲೋಪ ಹೇಗಾಗಿರಬಹುದು ಎಂಬುದನ್ನು ತಿಳಿದುಕೊಳ್ಳಿ; ಅರ್ಜಿಯಲ್ಲಿ ಏನು ಬರೆಯಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ. ರಕ್ಷಾ ಮೆಡಲ್ ಸಿಗಲು 1965ರ ಆಗಸ್ಟ್ 5ರಂದು ಸೈನ್ಯದ ಬಲದಲ್ಲಿದ್ದು, 180 ದಿನಗಳ ಸೇವೆ ಆಗಿದ್ದರೆ ಸಾಕಿತ್ತು. ಎಲ್ಲಿದ್ದರು ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಹಿಂದಿನ ವರ್ಷದ ಜೂನ್‌ನಲ್ಲಿ ಸೇರಿದ್ದ ನಿಮ್ಮ ತಂದೆಯವರು ಅಂದು ಬೆಂಗಳೂರಿನ ತರಬೇತಿ ಕೇಂದ್ರದಲ್ಲೇ ಇದ್ದಿದ್ದರೂ ಅದಕ್ಕೆ ಅರ್ಹರು. ಪೂರ್ವಿ ಸ್ಟಾರ್ ಹಾಗಲ್ಲ. 1971ರ ಡಿಸೆಂಬರ್ 3ರಂದು ಆರಂಭವಾಗಿ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗುವುದರೊಂದಿಗೆ ಮುಗಿದ ಯುದ್ಧದಲ್ಲಿ, ಪೂರ್ವದ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಸಲ್ಲುವ ಪದಕ ಅದು. ಪಶ್ಚಿಮದ ರಣರಂಗದವರಿಗೆ ಪಶ್ಚಿಮಿ ಸ್ಟಾರ್ ಇದೆ. ಈ ಪದಕಗಳು ಸ್ಥಾಪನೆಯಾದದ್ದು 1973ರಲ್ಲಿ, ಎಂದರೆ ಯುದ್ಧ ಮುಗಿದು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟೋ ಜವಾನರು ಬೇರೆ ಯೂನಿಟ್‌ಗೆ ವರ್ಗವಾಗಿರುತ್ತಿದ್ದರು. ಅರ್ಹರ ಪಟ್ಟಿ ಮಾಡಬೇಕಾದ ಹಳೆಯ ಯೂನಿಟ್‌ನಲ್ಲಿ ಅವರಿಲ್ಲ, ಈಗಿರುವ ಯೂನಿಟ್‌ಗೆ ಅವರು ಯುದ್ಧದ ಸಮಯದಲ್ಲಿ ಎಲ್ಲಿದ್ದರೆಂಬುದು ಗೊತ್ತಿಲ್ಲ. ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಈ ಸಂದಿಯಲ್ಲಿ. ಪಟ್ಟಿಯಲ್ಲಿ ಸೈನ್ಯದ ನಂಬರಿನ ಒಂದು ಅಂಕಿ ತಪ್ಪಿ, ಪದಕ ಯಾರ ದಾಖಲೆಗೂ ಸೇರದೆ ಉಳಿದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ನಿಮ್ಮ ಅರ್ಜಿ ಸಾಧಿಸಿ ತೋರಿಸಬೇಕಾದದ್ದು ಒಂದೇ ಸಂಗತಿಯನ್ನು: ಆ ಡಿಸೆಂಬರ್‌ನಲ್ಲಿ ನಿಮ್ಮ ತಂದೆಯವರು ಯಾವ ಯೂನಿಟ್‌ನಲ್ಲಿದ್ದರು ಮತ್ತು ಆ ಯೂನಿಟ್ ಎಲ್ಲಿತ್ತು ಎಂಬುದನ್ನು. ಅವರು ಕಟ್ಟಿದ ಸೇತುವೆಗಳ ಕಥೆಯನ್ನು ಮೊಮ್ಮಕ್ಕಳಿಗಾಗಿ ಖಂಡಿತ ಬರೆದಿಡಿ. ದಾಖಲೆ ಕಚೇರಿಯ ಗುಮಾಸ್ತರು ಮಾತ್ರ ತಾರೀಕು, ಯೂನಿಟ್ ಮತ್ತು ಪಾರ್ಟ್ ಟು ಆರ್ಡರ್‌ಗಳನ್ನಷ್ಟೇ ನೋಡುತ್ತಾರೆ. ಜವಾನನ ವರ್ಗಾವಣೆ, ರಜೆ, ಬಡ್ತಿ, ಮದುವೆ, ಪದಕ ಎಲ್ಲವೂ ಆ ಆರ್ಡರ್‌ನಲ್ಲಿ ಪ್ರಕಟವಾದ ಮೇಲೆಯೇ ಶೀಟ್ ರೋಲ್ ಎಂಬ ಅವರ ಮೂಲ ಸೇವಾ ದಾಖಲೆಗೆ ಏರುತ್ತವೆ. ಡಿಸ್ಚಾರ್ಜ್ ಬುಕ್ಕನ್ನು ತುಂಬುವುದು ಅದನ್ನು ನೋಡಿಕೊಂಡೇ. ಕೆಲವೊಮ್ಮೆ ಶೀಟ್ ರೋಲ್‌ನಲ್ಲಿ ಪದಕ ನಮೂದಾಗಿದ್ದೂ ಬುಕ್ಕಿಗೆ ಇಳಿಸುವಾಗ ಬಿಟ್ಟುಹೋಗಿರುತ್ತದೆ. ಹಾಗಿದ್ದರೆ ನಿಮ್ಮ ಕೆಲಸ ಬಹಳ ಸುಲಭ.

ದೆಹಲಿಯಿಂದ ಉತ್ತರ ಬಾರದಿದ್ದುದಕ್ಕೆ ಬೇಸರಪಡಬೇಡಿ. ಜವಾನರ ಮತ್ತು ಜೆಸಿಒಗಳ (ಜೂನಿಯರ್ ಕಮಿಷನ್ಡ್ ಆಫೀಸರುಗಳ) ದಾಖಲೆಗಳು ಆಯಾ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ಸ್ ಆಫೀಸಿನಲ್ಲಿರುತ್ತವೆ. ನಿಮ್ಮ ತಂದೆಯವರದು ಇರುವುದು ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ರೆಕಾರ್ಡ್ಸ್‌ನಲ್ಲಿ. ಇದೇ ತೊಂದರೆಯಲ್ಲಿರುವ ಇತರ ಓದುಗರಿಗಾಗಿ ಹೇಳುವುದಾದರೆ, ಮದ್ರಾಸ್ ರೆಜಿಮೆಂಟಿನವರು ವೆಲಿಂಗ್ಟನ್‌ಗೆ, ತೋಪಖಾನೆಯವರು ನಾಸಿಕ್ ರೋಡ್‌ಗೆ, ಸಿಗ್ನಲ್ಸ್‌ನವರು ಜಬಲ್‌ಪುರಕ್ಕೆ, ಇಎಂಇಯವರು (ಸೈನ್ಯದ ಯಂತ್ರೋಪಕರಣಗಳ ದುರಸ್ತಿ ವಿಭಾಗದವರು) ಸಿಕಂದರಾಬಾದಿಗೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರು ಬೆಳಗಾವಿಗೆ ಬರೆಯಬೇಕು.

ತಂದೆಯವರು ಬದುಕಿರುವುದರಿಂದ ಅರ್ಜಿಗೆ ಅವರದೇ ಸಹಿ ಇರಬೇಕು. ಕೈ ನಡುಗುತ್ತಿದ್ದರೆ ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಯ ಸಹಿ ಹಾಕಿಸಿ. ಸೈನ್ಯದ ನಂಬರು, ದರ್ಜೆ, ಸೇರಿದ ಮತ್ತು ಬಿಡುಗಡೆಯಾದ ತಾರೀಕು, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರು ಇವನ್ನು ಬರೆದು, ಹೆಸರನ್ನು ಡಿಸ್ಚಾರ್ಜ್ ಬುಕ್ಕಿನಲ್ಲಿರುವಂತೆಯೇ ಅಕ್ಷರ ತಪ್ಪದೆ ಬರೆಯಿರಿ. ನಮ್ಮ ಕಡೆ ಆಧಾರ್‌ನಲ್ಲಿ ‘ಗೌಡ’ ಸೇರಿದ್ದು ಸೈನ್ಯದ ಕಾಗದದಲ್ಲಿ ಇಲ್ಲದಿರುವುದು, ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆದಿರುವುದು ಬಹಳ. ಅಂಥ ವ್ಯತ್ಯಾಸವಿದ್ದರೆ ಅದನ್ನು ನೀವೇ ಒಂದು ಸಾಲಿನಲ್ಲಿ ತಿಳಿಸಿಬಿಡಿ. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ದೃಢೀಕೃತ ಜೆರಾಕ್ಸ್ ಲಗತ್ತಿಸಿ. ಮೂಲ ಪುಸ್ತಕವನ್ನು ಯಾವ ಕಾರಣಕ್ಕೂ ಅಂಚೆಗೆ ಹಾಕಬೇಡಿ. ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಇದನ್ನು ಕೊಟ್ಟು, ಅವರ ಮುಖಾಂತರ ರೆಕಾರ್ಡ್ಸ್‌ಗೆ ಕಳುಹಿಸಿ, ಒಂದು ಪ್ರತಿಯನ್ನು ನೇರವಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ನೀವು ಕೇಳದೇ ಇರುವ ಒಂದು ಪದಕವನ್ನೂ ಅರ್ಜಿಯಲ್ಲಿ ಸೇರಿಸಬೇಕು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ ಸಲ್ಲುತ್ತದೆ. ಅಂದು ನಿಮ್ಮ ತಂದೆಯವರು ಸೇವೆಯಲ್ಲಿದ್ದರು ಎಂಬುದಕ್ಕೆ ಡಿಸ್ಚಾರ್ಜ್ ಬುಕ್ಕೇ ಸಾಕ್ಷಿ, ಬೇರೆ ಪುರಾವೆ ಬೇಡ. ಇನ್ನು ಸಂಗ್ರಾಮ್ ಮೆಡಲ್‌ಗೆ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಅವಧಿಯನ್ನು ಗಣಿಸುತ್ತಾರೆ, ಮತ್ತು ನಿಗದಿಪಡಿಸಿದ ರಾಜ್ಯಗಳಲ್ಲಿ ತ್ರಿಪುರಾ, ಅಸ್ಸಾಂ, ಪಶ್ಚಿಮ ಬಂಗಾಳಗಳೂ ಸೇರಿವೆ. ಒಂದು ವರ್ಷಕ್ಕೂ ಮಿಕ್ಕ ಈ ಅವಧಿಯಲ್ಲಿ ಅವರು ಆ ಭಾಗದಲ್ಲಿದ್ದುದನ್ನು ತೋರಿಸುವುದು ಪೂರ್ವಿ ಸ್ಟಾರ್‌ಗಿಂತ ಸುಲಭ.

ಉತ್ತರ ತಡವಾದರೆ, ಅಥವಾ ‘ದಾಖಲೆಯಲ್ಲಿ ಇಲ್ಲ’ ಎಂಬ ಒಂದೇ ಸಾಲು ಬಂದರೆ, ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್‌ನೊಂದಿಗೆ ತಂದೆಯವರ ಹೆಸರಿನಲ್ಲಿ ಅರ್ಜಿ ಹಾಕಿ. ‘ಪದಕ ಏಕೆ ಕೊಟ್ಟಿಲ್ಲ’ ಎಂದು ಕೇಳಿದರೆ ನುಣುಚಿಕೊಳ್ಳುವ ಉತ್ತರ ಬರಬಹುದು. ಶೀಟ್ ರೋಲ್‌ನ ಪ್ರತಿ, 1971 ಮತ್ತು 1972ರಲ್ಲಿ ಅವರಿದ್ದ ಯೂನಿಟ್‌ಗಳ ಹೆಸರು, ಅಲ್ಲಿಗೆ ಸೇರಿದ ಮತ್ತು ಬಿಟ್ಟ ತಾರೀಕುಗಳು, ಪದಕ ಪ್ರಕಟವಾದ ಪಾರ್ಟ್ ಟು ಆರ್ಡರ್‌ಗಳ ಪ್ರತಿ, ಇಷ್ಟನ್ನು ಕೇಳಿ. 30 ದಿನಗಳಲ್ಲಿ ಉತ್ತರಿಸುವುದು ಅವರ ಕರ್ತವ್ಯ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಈ ನಡುವೆ ಮನೆಯ ಟ್ರಂಕನ್ನು ತಾಳ್ಮೆಯಿಂದ ಹುಡುಕಿ. ಹಳೆಯ ಪೇ ಬುಕ್, ರಜೆ ಚೀಟಿ, ನಿಮ್ಮ ತಾಯಿಯವರಿಗೆ ಬರೆದ ಕಾಗದಗಳು, ಮನಿಯಾರ್ಡರ್ ಕೂಪನ್‌ಗಳು ಯಾವುದನ್ನೂ ಎಸೆಯಬೇಡಿ. ಆ ಕಾಗದಗಳ ಮೇಲೆ ‘99 ಎಪಿಒ’ (ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ) ಎಂಬ ವಿಳಾಸವಿದ್ದರೆ ಅವು ಪೂರ್ವ ಭಾಗದಿಂದ ಬಂದವು ಎಂದರ್ಥ, ಏಕೆಂದರೆ ಪಶ್ಚಿಮದ ಯೂನಿಟ್‌ಗಳ ಟಪಾಲು ‘56 ಎಪಿಒ’ ಮೂಲಕ ಹೋಗುತ್ತಿತ್ತು. ಅಷ್ಟರಿಂದಲೇ ಪದಕ ಸಿಗದಿದ್ದರೂ, ಯೂನಿಟ್ ಹೆಸರು ಮತ್ತು ತಾರೀಕು ಇರುವ ಒಂದು ಕಾಗದ ಸಿಕ್ಕರೆ ಎಲ್ಲಿ ಹುಡುಕಬೇಕೆಂಬುದು ಕಚೇರಿಗೆ ತಿಳಿಯುತ್ತದೆ. ಜೊತೆಗಿದ್ದವರ ಅಫಿಡವಿಟ್ ಕೂಡ ಸೇರಿಸಬಹುದು; ಅದರ ತೂಕ ಮಾತ್ರ ಕಾಗದದ ಪುರಾವೆಗಿಂತ ಕಡಿಮೆ. ಎಲ್ಲ ದಾರಿಯೂ ಮುಚ್ಚಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಆದರೆ 80 ದಾಟಿದವರನ್ನು ಅಲ್ಲಿಯವರೆಗೆ ಅಲೆಸದೆ ಕೆಲಸವಾಗಲಿ ಎಂಬುದೇ ನನ್ನ ಆಸೆ, ಆದ್ದರಿಂದ ಮೊದಲ ಅರ್ಜಿಯನ್ನೇ ಪೂರ್ಣವಾಗಿ ಕೊಡಿ.

ಪ್ರಶ್ನೆ: ನಮ್ಮ ಯಜಮಾನರು ಸಿಗ್ನಲ್ಸ್‌ನಲ್ಲಿದ್ದರು, ಈಗಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಹಿಂದಿನ ಗೋಡೆ ಕುಸಿದು, ಅವರ ಪದಕಗಳ ಡಬ್ಬಿ ಮಣ್ಣುಪಾಲಾಯಿತು. ಡಿಸ್ಚಾರ್ಜ್ ಬುಕ್ ಉಳಿದಿದೆ, ಅದರಲ್ಲಿ ಎಲ್ಲವೂ ಬರೆದಿದೆ. ಅಂಗಡಿಯಲ್ಲಿ ಅಂಥವೇ ಸಿಗುತ್ತವೆ ಎನ್ನುತ್ತಾರೆ, ಕೊಳ್ಳಬಹುದೇ? ಅರ್ಜಿ ಹಾಕಿದರೆ ಪಿಂಚಣಿಗೆ ತೊಂದರೆಯಾಗುತ್ತದೆಯೇ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಕುಟುಂಬ ಪಿಂಚಣಿಗೂ ಈ ಪದಕಗಳಿಗೂ ಸಂಬಂಧವಿಲ್ಲ; ಧೈರ್ಯವಾಗಿ ಅರ್ಜಿ ಹಾಕಿ. ಬುಕ್ಕಿನಲ್ಲಿ ನಮೂದು ಇರುವುದರಿಂದ ಮೇಲೆ ಹೇಳಿದ ಪುರಾವೆಗಳ ಹುಡುಕಾಟ ನಿಮಗಿಲ್ಲ. ಪದಕಗಳು ಕಳೆದುಹೋದ ಬಗ್ಗೆ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಕಳೆದ ಬಗೆಯನ್ನು ವಿವರಿಸುವ ಅಫಿಡವಿಟ್ ಮಾಡಿಸಿ, ಬುಕ್ಕಿನ ಜೆರಾಕ್ಸ್ ಮತ್ತು ಕುಟುಂಬ ಪಿಂಚಣಿಯ ಪಿಪಿಒ ಪ್ರತಿಯ ಜೊತೆ ಜಬಲ್‌ಪುರದ ಸಿಗ್ನಲ್ಸ್ ರೆಕಾರ್ಡ್ಸ್‌ಗೆ ಬದಲಿ ಪದಕಗಳನ್ನು ಕೋರಿ ಬರೆಯಿರಿ. ಬದಲಿ ಪದಕಕ್ಕೆ ಬೆಲೆ ಕಟ್ಟಬೇಕಾಗುತ್ತದೆ. ಅವರು ತಿಳಿಸಿದ ಮೇಲೆ ಕಳುಹಿಸಿದರಾಯಿತು. ಅಂಗಡಿಯ ಪದಕ ಬೇಡವೆಂದೇ ನನ್ನ ಸಲಹೆ. ಸೈನ್ಯ ಕೊಡುವ ಪದಕದ ಅಂಚಿನಲ್ಲಿ ನಂಬರು ಮತ್ತು ಹೆಸರನ್ನು ಕೆತ್ತಿರುತ್ತಾರೆ. ಹೊಸ ಡಬ್ಬಿ ಕೈಗೆ ಬಂದಾಗ ಆ ನಂಬರನ್ನು ಬುಕ್ಕಿನ ನಂಬರಿನೊಂದಿಗೆ ತಾಳೆ ನೋಡಿ, ಒಂದು ಅಂಕಿ ತಪ್ಪಿದ್ದರೂ ಕೂಡಲೇ ಅವರಿಗೆ ತಿಳಿಸಿ.