ಫ್ರೀ ಗೇಮ್‌ಗಳಲ್ಲಿ ಚೀಟ್ ಮಾಡಿದರೆ ಆಟದ ಮಜಾ ಹೋಗುತ್ತದೆಯೇ?

ಒಬ್ಬರೇ ಆಡುವ ಆಫ್‌ಲೈನ್ ಗೇಮ್ ಆದರೆ ಅಷ್ಟೇನೂ ಇಲ್ಲ. ಫೋನಿನ ಗಡಿಯಾರ 8 ಗಂಟೆ ಮುಂದಿಟ್ಟು, ಗೇಮ್ ಕಾಯಿಸುವ ಟೈಮರ್ ದಾಟಿಸಿದರೆ ಯಾರಿಗೂ ನಷ್ಟವಿಲ್ಲ. ಆ ಕಾಯುವಿಕೆ ಇಟ್ಟಿರುವುದೇ ದುಡ್ಡು ಕೀಳಲು. (ಗಡಿಯಾರ ಸರಿಮಾಡಿದಾಗ ಕೆಲವು ಗೇಮ್‌ಗಳಲ್ಲಿ ಟೈಮರ್ ಅಷ್ಟೇ ಉದ್ದವಾಗುತ್ತದೆ, ಎಚ್ಚರ.)

ಮಾಡ್ ಎಪಿಕೆ (ಬೇರೆಯವರು ತಿದ್ದಿದ ಗೇಮ್ ಆ್ಯಪ್‌ನ ಫೈಲ್) ಹಾಕಿ 9,99,999 ಜೆಮ್ಸ್ (ಗೇಮ್‌ನೊಳಗಿನ ದುಡ್ಡು) ತುಂಬಿಕೊಂಡರೆ ಮಾತ್ರ ಬೇಗ ಬೇಜಾರಾಗುತ್ತದೆ. ಯಾವ ಅಪ್‌ಗ್ರೇಡ್ ಮೊದಲು ಎಂಬ ಲೆಕ್ಕಾಚಾರವೇ ಅಲ್ಲಿ ಆಟ, ಅದೇ ಇಲ್ಲವಾಗುತ್ತದೆ. ಆನ್‌ಲೈನ್ ಗೇಮ್‌ನಲ್ಲಂತೂ ಜೆಮ್ಸ್ ಲೆಕ್ಕ ಸರ್ವರ್‌ನಲ್ಲಿರುತ್ತದೆ: ಪರದೆಯ ಮೇಲಿನ ಅಂಕಿ ಬದಲಾದರೂ ಖರೀದಿ ಆಗುವುದಿಲ್ಲ. ಅಂಥ ಎಪಿಕೆಗೆ ಲಾಗಿನ್ ಕೊಟ್ಟರೆ ಅಕೌಂಟೇ ಹೋಗಬಹುದು.

ಮಲ್ಟಿಪ್ಲೇಯರ್‌ನಲ್ಲಿ ಏಮ್‌ಬಾಟ್ (ತಾನೇ ಗುರಿಯಿಡುವ ಸಾಫ್ಟ್‌ವೇರ್) ಹಾಕಿದರೆ ಉಳಿದವರ ಆಟವೂ ಹಾಳು. ಅಕೌಂಟ್ ಪುಕ್ಕಟೆಯಾದ್ದರಿಂದ ಬ್ಯಾನ್ ಆದವರು ಹೊಸದು ತೆರೆದು ಮರಳುತ್ತಾರೆ. ಅದಕ್ಕೇ ಅನೇಕ ಕಂಪನಿಗಳು ಸಾಧನವನ್ನೇ ಬ್ಯಾನ್ ಮಾಡುತ್ತವೆ. ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಎಂಬ ಫ್ರೀ ಶೂಟಿಂಗ್ ಗೇಮ್ 2022ರಲ್ಲಿ ಇನ್ನೊಂದು ತಮಾಷೆಯ ದಾರಿ ಹಿಡಿಯಿತು: ಚೀಟರ್ ಹೊಡೆದ ಗುಂಡು ಎದುರಾಳಿಗೆ ತಾಗಿದರೂ ದೊಡ್ಡ ಪೆಟ್ಟೇನೂ ಆಗದಂತೆ ಮಾಡಿತು.