ಸಮಯ, ಹವಾಮಾನ ತೋರಿಸುವ ಚಿಕ್ಕ ಡಿಸ್‌ಪ್ಲೇಯನ್ನು ಮನೆಯಲ್ಲೇ ಮಾಡಬೇಕು. ಅಗ್ಗದಲ್ಲಿ ಯಾವ ಬೋರ್ಡ್, ಪರದೆ, ಬಟನ್ ತಗೊಳ್ಳಲಿ?

ಇಷ್ಟಕ್ಕೆ ಇಎಸ್‌ಪಿ32 (ESP32) ಅನ್ನೋ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ಧಾರಾಳವಾಗಿ ಸಾಕು. ನಾವು ಬರೆದ ಕೋಡನ್ನು ಅದು ಓಡಿಸುತ್ತದೆ. ವೈಫೈ ಅದರಲ್ಲೇ ಇದೆ, ಸಮಯವನ್ನೂ ಇಂಟರ್ನೆಟ್‌ನಿಂದಲೇ ತಗೊಳ್ಳುತ್ತದೆ. ವೆಬ್‌ಪುಟವನ್ನೇ ತೆರೆದು ತೋರಿಸಬೇಕು ಅಂದರೆ ಮಾತ್ರ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಕಡೆ ನೋಡಿ. ಅದಕ್ಕೂ ಮೊದಲು ಮೂಲೆಯಲ್ಲಿ ಹಳೇ ಟ್ಯಾಬ್ಲೆಟ್ ಬಿದ್ದಿದೆಯಾ ಹುಡುಕಿ, ಅದು ಪುಕ್ಕಟೆ ಅಲ್ವಾ!

0.96 ಇಂಚಿನ ಓಎಲ್‌ಇಡಿ ಪರದೆ ತುಂಬಾ ಅಗ್ಗ, ನಾಲ್ಕೇ ವೈರು. ಆದರೆ ಮೇಜಿನ ಮೇಲಿಟ್ಟು ನೋಡಲಷ್ಟೇ ಸರಿ. ಗೋಡೆಗೆ ಹಾಕುವುದಾದರೆ ಇ-ಪೇಪರ್ (ಕಿಂಡಲ್‌ನಂಥ ಇ-ರೀಡರ್‌ನಲ್ಲಿರುವ, ಕಾಗದದಂತೆ ಕಾಣುವ ಪರದೆ) ಚೆಂದ. ಕರೆಂಟ್ ಹೋದರೂ ಚಿತ್ರ ಹಾಗೇ ಇರುತ್ತದೆ. ಪೂರ್ತಿ ಬದಲಾಗಲು ಕೆಲವು ಸೆಕೆಂಡ್ ಬೇಕು, ಹಾಗಾಗಿ ಓಡುವ ಸೆಕೆಂಡ್ ಮುಳ್ಳಿನ ಆಸೆ ಬಿಡಿ. ಕತ್ತಲಲ್ಲಿ ಕಾಣುವುದೂ ಇಲ್ಲ.

ಟಚ್‌ಸ್ಕ್ರೀನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಒತ್ತಲೂ ಬರುವ ಒಂದು ರೋಟರಿ ಎನ್‌ಕೋಡರ್ (ತಿರುಗಿಸುವ ಗುಂಡಿ) ಸಾಕು: ತಿರುಗಿಸಿದರೆ ಪುಟ ಬದಲು, ಒತ್ತಿದರೆ ಆಯ್ಕೆ. ಬರೀ ಬಟನ್ ಆದರೆ ಅದರ ಒಂದು ಕಾಲನ್ನು ಬೋರ್ಡ್‌ನ ಪಿನ್ನಿಗೆ, ಇನ್ನೊಂದನ್ನು ಗ್ರೌಂಡ್‌ಗೆ (ಬೋರ್ಡ್‌ನಲ್ಲಿ GND ಅಂತ ಬರೆದಿರುವ ಕಡೆ) ಕೊಟ್ಟು, ಕೋಡ್‌ನಲ್ಲಿ ಒಳಗಿನ ಪುಲ್‌ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವ ರೆಸಿಸ್ಟರ್) ಆನ್ ಮಾಡಿ. ಬೇರೆ ರೆಸಿಸ್ಟರ್ ಬೇಡ. ಮೂಲ ಇಎಸ್‌ಪಿ32ರಲ್ಲಿ 34ರಿಂದ 39ರವರೆಗಿನ ಪಿನ್‌ಗಳಿಗೆ ಮಾತ್ರ ಆ ಪುಲ್‌ಅಪ್ ಇಲ್ಲ, ಅವನ್ನು ಬಿಟ್ಟುಬಿಡಿ. ಒಂದು ಸಲ ಒತ್ತಿದ್ದು ಎರಡು ಮೂರು ಸಲ ಅಂತ ಲೆಕ್ಕವಾದರೆ ಬಟನ್ ಕೆಟ್ಟಿಲ್ಲ. ಒಳಗಿನ ಲೋಹದ ತುಂಡು ಪುಟಿಯುತ್ತಿದೆ, ಅಷ್ಟೇ. ಮೊದಲ ಒತ್ತಿನ ನಂತರ ಸುಮಾರು 50 ಮಿಲಿಸೆಕೆಂಡ್ ಏನನ್ನೂ ಲೆಕ್ಕಕ್ಕೆ ತಗೊಳ್ಳಬೇಡ ಅಂತ ಕೋಡ್‌ನಲ್ಲಿ ಬರೆದರೆ ಸರಿಹೋಗುತ್ತದೆ.