ಪಿ0171 ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಬೇಡಿ

ಎಂಜಿನ್ನಿನ ಹಳದಿ ದೀಪ ಹತ್ತಿ ಪಿ0171 ಕೋಡ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂಬ ದೂರು) ಬಂದಿದೆ, ಮೊದಲ ಗೇರಿನಲ್ಲಿ ಕಾರು ಜಗ್ಗುತ್ತದೆ, ನಾಳೆ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುತ್ತೇನೆ ಎಂದಿದ್ದೀರಿ. ಒಂದು ದಿನ ತಡೆಯಿರಿ ಸರ್. ಇದೇ ಕೋಡಿಗೆ ಹೊಸ ಸೆನ್ಸರ್ ಹಾಕಿಸಿ, ಮೂರನೆಯ ದಿನ ಅದೇ ಹಳದಿ ದೀಪ ನೋಡಿದವನು ನಾನು. ಮಿಶ್ರಣಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಹಳೆಯ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ದೂರು ತಂದವನನ್ನೇ ಹೊಡೆದು ಓಡಿಸಿದಂತಾಯಿತು.

ಕಳ್ಳ ಇದ್ದದ್ದು ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ (ಎಂಜಿನ್ನಿಗೆ ಗಾಳಿ ಬಿಡುವ ಕವಾಟಕ್ಕೆ) ಹೋಗುವ ಮಡಿಕೆ ಮಡಿಕೆಯ ರಬ್ಬರ್ ಪೈಪಿನಲ್ಲಿ. ಮೇಲಿನಿಂದ ನೋಡಿದರೆ ಹೊಸದರಂತಿತ್ತು. ಬಿಚ್ಚಿ ಬಿಸಿಲಿಗೆ ಹಿಡಿದು ಬಗ್ಗಿಸಿದಾಗ ಕೆಳಗಿನ ಮಡಿಕೆಯಲ್ಲಿ ಕಿರುಬೆರಳಿನುದ್ದದ ಬಿರುಕು ಬಾಯಿ ತೆರೆಯಿತು. ಕ್ಲಚ್ ಬಿಟ್ಟಾಗ ಎಂಜಿನ್ ವಾಲುತ್ತದಲ್ಲ, ಆಗ ಅದು ತೆರೆದುಕೊಂಡು ಮ್ಯಾಫ್ (ಒಳಬರುವ ಗಾಳಿ ಅಳೆಯುವ ಸೆನ್ಸರ್) ಅಳೆಯದ ಗಾಳಿಯನ್ನು ಒಳಗೆ ಬಿಡುತ್ತಿತ್ತು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಕೊಡುವುದು ಲೆಕ್ಕಕ್ಕೆ ಸಿಕ್ಕ ಗಾಳಿಗೆ ಮಾತ್ರ, ತೂಕದಲ್ಲಿ 14.7 ಪಾಲಿಗೆ ಒಂದು ಪಾಲು. ಟೇಪ್ ಸುತ್ತಿ ಒಂದು ವಾರ ಓಡಿಸಿದೆ, ನೀವು ಹಾಗೆ ಮಾಡಬೇಡಿ, ಬಿಸಿಗೆ ಅಂಟು ಬಿಡುತ್ತದೆ.

ಕೋಡ್ ಓದುವ ಸ್ಕ್ಯಾನರ್ ಇದ್ದರೆ ಫ್ಯುಯೆಲ್ ಟ್ರಿಮ್, ಅಂದರೆ ಕೊರತೆ ತುಂಬಲು ಇಸಿಯು ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ ಎಂದು ನೋಡಿ. ಐಡಲ್‌ನಲ್ಲಿ ಶೇ. 20ರ ಹತ್ತಿರವಿದ್ದು 2500 ಆರ್‌ಪಿಎಂನಲ್ಲಿ ಇಳಿದರೆ ಥ್ರಾಟಲ್‌ನ ಆಚೆ, ಎಂಜಿನ್ ಕಡೆ ಸೋರಿಕೆ. ಏರು ಹತ್ತುವಾಗ ಹೆಚ್ಚಿದರೆ ಮ್ಯಾಫ್ ಕೊಳಕಾಗಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಕಡಿಮೆಯಾಗಿರಲೂಬಹುದು.

ಮ್ಯಾಫ್ ತೊಳೆಯಲು ಸಿಆರ್‌ಸಿಯ ಮ್ಯಾಫ್ ಕ್ಲೀನರ್ ಸಾಕು. ಕಾರ್ಬುರೇಟರ್ ಕ್ಲೀನರ್ ಬೇಡ, ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡವೇ ಬೇಡ, ಒಳಗಿನ ಬಿಸಿ ತಂತಿ ತಾಗಿದರೆ ಹೋಯಿತು. ಪೂರ್ತಿ ಆರುವವರೆಗೆ ಜೋಡಿಸಬೇಡಿ. ಎಣ್ಣೆ ಹಚ್ಚುವ ಪರ್ಫಾರ್ಮೆನ್ಸ್ ಫಿಲ್ಟರ್ ಹಾಕಿಸಿಕೊಂಡು ಆಮೇಲೆ ಮ್ಯಾಫ್ ಹಾಳಾಯಿತು ಎಂದು ಅಳುವವರು ಈ ಗುಂಪಿನಲ್ಲೇ ಇದ್ದಾರೆ. ಆ ಎಣ್ಣೆ ಹೆಚ್ಚಾದರೆ ಹೋಗಿ ಕೂರುವುದು ತಂತಿಯ ಮೇಲೆಯೇ. ಕಾಗದದ ಫಿಲ್ಟರಿಗೆ ಏನು ಕೇಡು? ಸೆನ್ಸರ್ ಬದಲಿಸಲೇಬೇಕಾದರೆ ಬಾಷ್ ಅಥವಾ ಡೆನ್ಸೊ, ಅದೂ ಬಿಲ್ ಕೊಡುವ ಅಂಗಡಿಯಲ್ಲಿ.

ನಿಮ್ಮದು ಮ್ಯಾಫ್ ಇಲ್ಲದ, ಮ್ಯಾಪ್ (ಥ್ರಾಟಲ್‌ನ ಆಚೆಯ ಗಾಳಿಯೊತ್ತಡ ಅಳೆಯುವ ಸೆನ್ಸರ್) ಮಾತ್ರ ಇರುವ ಗಾಡಿಯಾದರೆ ಪೈಪಿನ ಕಥೆ ಬಿಡಿ. ಅಲ್ಲಿ ಥ್ರಾಟಲ್‌ಗೆ ಮೊದಲಿನ ಬಿರುಕು ಧೂಳು ಎಳೆಯುತ್ತದೆಯೇ ಹೊರತು ಲೆಕ್ಕ ಕೆಡಿಸುವುದಿಲ್ಲ. ಮ್ಯಾಪ್ ಸೆನ್ಸರನ್ನು ಪರೀಕ್ಷಿಸುವುದು ಸುಲಭ: ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಮ್ಯಾಪ್ ನೋಡಿ. ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಆಸುಪಾಸು, ಎತ್ತರದ ಮಡಿಕೇರಿಯಲ್ಲಿ 88ರ ಹತ್ತಿರ ಇರಬೇಕು. ಮಡಿಕೇರಿಯಲ್ಲೂ 101 ತೋರಿಸಿದರೆ ಆಗ ಸೆನ್ಸರನ್ನು ಬೈಯಿರಿ.